ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ನನಗೆ ಬೇಕಾದ ಸೌಂಡ್ ಕಾರ್ಡೇ ಸದಾ ಕೆಲಸ ಮಾಡುವ ಹಾಗೆ ಮಾಡುವುದು ಹೇಗೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ.

ನಮ್ಮಮ್ಮ ಗಮಕ ವಾಚನ ಮಾಡುತ್ತಾರೆ. ಅವರ ದನಿ ಚೆನ್ನಾಗಿರುವಾಗಲೇ ಒಂದಷ್ಟು ರೆಕಾರ್ಡ್ ಮಾಡಿ ಇಡಬೇಕು ಅಂತ ಬಹಳ ದಿನದ ಆಸೆ. ಅದಕ್ಕೇ ಎರಡು ಮೈಕ್ ಇನ್‌ಪುಟ್ ಇರುವ ಒಂದು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕ್ ತಂದಿದ್ದೇನೆ. ಡೆಸ್ಕ್‌ಟಾಪ್ ಕಂಪ್ಯೂಟರ್, ಉಬುಂಟು 24.04.

ಕಾರ್ಡ್ ಸಿಸ್ಟಮ್‌ಗೆ ಕಾಣುತ್ತಿದೆ. ಆದರೆ ಈಗ ಮೂರು ಸೌಂಡ್ ಕಾರ್ಡ್ ಆಗಿವೆ. ಮದರ್‌ಬೋರ್ಡಿನದು ಒಂದು, ಗ್ರಾಫಿಕ್ಸ್ ಕಾರ್ಡಿನ ಎಚ್‌ಡಿಎಂಐ ಒಂದು, ಈ ಯುಎಸ್‌ಬಿ ಒಂದು. ಒಮ್ಮೊಮ್ಮೆ ಬೂಟ್ ಆದ ಮೇಲೆ ದನಿ ಮಾನಿಟರಿನ ಸಣ್ಣ ಸ್ಪೀಕರಿಗೆ ಹೋಗಿರುತ್ತದೆ. ರೆಕಾರ್ಡ್ ಮಾಡುವ ಪ್ರೋಗ್ರಾಂ ಆಡಾಸಿಟಿ ತೆರೆದರೆ ಡಿವೈಸ್ ಪಟ್ಟಿಯಲ್ಲಿ ಏನೇನೋ ಹೆಸರು. ರೆಕಾರ್ಡ್ ಆಗಿದ್ದು ಎಡಗಿವಿಯಲ್ಲಿ ಮಾತ್ರ ಕೇಳುತ್ತದೆ.

ಹುಡುಕಿದರೆ ಸಲಹೆಗಳಿಗೇನೂ ಬರ ಇಲ್ಲ. ಹೋಮ್ ಫೋಲ್ಡರಿನಲ್ಲಿ ‘ಡಾಟ್ ಎಸೌಂಡ್‌ಆರ್‌ಸಿ’ ಫೈಲ್ ಮಾಡಿ ಕಾರ್ಡ್ ನಂಬರ್ 2 ಅಂತ ಬರೆಯಿರಿ ಅಂತ ಒಬ್ಬರು. ಆನ್‌ಬೋರ್ಡ್ ಡ್ರೈವರನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ, ಅಂದರೆ ಲೋಡ್ ಆಗದ ಹಾಗೆ ತಡೆಯಿರಿ ಅಂತ ಇನ್ನೊಬ್ಬರು. ಪಲ್ಸ್‌ಆಡಿಯೊ ಕಿತ್ತುಹಾಕಿ ಅಂತ ಮತ್ತೊಬ್ಬರು. ಯಾವುದಕ್ಕೂ ಕೈ ಹಾಕುವ ಮೊದಲು ಗೊತ್ತಿರುವವರನ್ನು ಕೇಳೋಣ ಅಂತ ಬರೆಯುತ್ತಿದ್ದೇನೆ.

ಹಳೇಟರ್ಮಿನಲ್

ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಆ ಮೂರನ್ನೂ ಮಾಡಬೇಡಿ. ಅವು ಬರೆದ ಕಾಲಕ್ಕೆ ಸರಿಯಾಗಿದ್ದ ಸಲಹೆಗಳು. ಈಗ ಹಾಕಿದರೆ ಸರಿ ಇರುವುದೂ ಕೆಡುತ್ತದೆ.

ಲಿನಕ್ಸ್ ಸೌಂಡ್ ಬಗ್ಗೆ ಏನೇ ಓದಿದರೂ ಮೊದಲು ಬರೆದ ತಾರೀಖು ನೋಡಿ. ಯಾಕೆ ಅಂತ ಸ್ವಲ್ಪ ಹೇಳುತ್ತೇನೆ. ಯಾರೊಸ್ಲಾವ್ ಕಿಸೆಲಾ ಅನ್ನುವವರು ಗ್ರಾವಿಸ್ ಅಲ್ಟ್ರಾಸೌಂಡ್ ಕಾರ್ಡಿಗೆ ಬರೆದ ಡ್ರೈವರಿನಿಂದ ಹೊರಟು 1998ರಲ್ಲಿ ಅಲ್ಸಾ ಅನ್ನುವ ಸೌಂಡ್ ಡ್ರೈವರ್ ವ್ಯವಸ್ಥೆ ಶುರುವಾಯಿತು. 2003ರ ಕೊನೆಗೆ ಬಂದ ಕರ್ನೆಲ್ 2.6ರಲ್ಲಿ ಅದು ಒಎಸ್‌ಎಸ್ ಅನ್ನುವ ಹಳೆಯ ಸೌಂಡ್ ವ್ಯವಸ್ಥೆಯ ಜಾಗಕ್ಕೆ ಬಂತು. 2007ರಲ್ಲಿ ಫೆಡೋರಾ 8, ಮರುವರ್ಷ ಉಬುಂಟು 8.04 ಅಲ್ಸಾ ಮೇಲೆ, ಎಲ್ಲ ಪ್ರೋಗ್ರಾಂಗಳ ದನಿ ಬೆರೆಸುವ ಪಲ್ಸ್‌ಆಡಿಯೊವನ್ನು ಕೂರಿಸಿದವು. 2021ರಲ್ಲಿ ಫೆಡೋರಾ 34, 2022ರಲ್ಲಿ ಉಬುಂಟು 22.10 ಪಲ್ಸ್‌ಆಡಿಯೊ ತೆಗೆದು ಪೈಪ್‌ವೈರ್ ಹಾಕಿದವು. ಅಂದರೆ 2009ರ ಬರಹ, 2014ರ ಬರಹ, 2023ರ ಬರಹ ಮೂರೂ ಬೇರೆ ಬೇರೆ ವ್ಯವಸ್ಥೆಯ ಮಾತು. ಹುಡುಕಿದಾಗ ಮೂರೂ ಒಟ್ಟಿಗೆ ಸಿಗುತ್ತವೆ.

ನಿಮ್ಮ 24.04ರಲ್ಲಿ ಇರುವುದು ಇಷ್ಟು. ಕೆಳಗೆ ಕರ್ನೆಲ್ ಒಳಗೆ ಅಲ್ಸಾ ಡ್ರೈವರ್, ಅದು ಕಾರ್ಡಿನ ಜೊತೆ ಮಾತಾಡುತ್ತದೆ. ಅದರ ಮೇಲೆ ಪೈಪ್‌ವೈರ್, ಎಲ್ಲ ಪ್ರೋಗ್ರಾಂಗಳ ದನಿಯನ್ನೂ ಸೇರಿಸಿ ಹಂಚುತ್ತದೆ. ಪಕ್ಕದಲ್ಲಿ ವೈರ್‌ಪ್ಲಂಬರ್. ಯಾವ ದನಿ ಯಾವ ಕಾರ್ಡಿಗೆ ಹೋಗಬೇಕು ಅಂತ ತೀರ್ಮಾನ ಮಾಡುವುದು ಈ ವೈರ್‌ಪ್ಲಂಬರ್ ಮಾತ್ರ. ನಿಮ್ಮ ಕಾರ್ಡ್ ಕಾಣುತ್ತಿದೆ ಅಂದರೆ ಡ್ರೈವರ್ ತನ್ನ ಕೆಲಸ ಮುಗಿಸಿದೆ. ಅದನ್ನು ಮುಟ್ಟಬೇಡಿ. ನಿಮಗೆ ಬೇಕಾದ ಆಯ್ಕೆಯನ್ನು ವೈರ್‌ಪ್ಲಂಬರ್‌ಗೆ ಹೇಳಿದರೆ ಸಾಕು.

ಈಗ ಟರ್ಮಿನಲ್ ತೆಗೆಯಿರಿ. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ, ನೀವು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ. ‘ಎಪ್ಲೇ’ (ಎ, ಪಿ, ಎಲ್, ಎ, ವೈ) ಕಮಾಂಡಿಗೆ ಹೈಫನ್ ಎಲ್ ಸೇರಿಸಿದರೆ ಅಲ್ಸಾ ಕಂಡ ಕಾರ್ಡ್‌ಗಳ ಪಟ್ಟಿ ಬರುತ್ತದೆ. ಆಮೇಲೆ ‘ಡಬ್ಲ್ಯುಪಿಸಿಟಿಎಲ್ ಸ್ಟೇಟಸ್’ ಹೊಡೆಯಿರಿ. ಎರಡರ ಔಟ್‌ಪುಟ್ಟನ್ನೂ ಇಲ್ಲಿ ಹಾಕಿ.

ತುಂಗಾತೀರ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್.

ಎಪ್ಲೇಯಲ್ಲಿ ಕಾರ್ಡ್ 0 ಆನ್‌ಬೋರ್ಡ್, ಕಾರ್ಡ್ 1 ಯುಎಸ್‌ಬಿ, ಕಾರ್ಡ್ 2 ಎಚ್‌ಡಿಎಂಐ. ನಿನ್ನೆ ನೋಡಿದಾಗ ಯುಎಸ್‌ಬಿ 2 ಆಗಿತ್ತು! ಇನ್ನೊಂದು ಕಮಾಂಡಿನಲ್ಲಿ ಸಿಂಕ್ಸ್ ಅನ್ನುವ ಕಡೆ, ಅಂದರೆ ದನಿ ಹೊರಹೋಗುವ ಸಾಧನಗಳ ಪಟ್ಟಿಯಲ್ಲಿ, ಮೂರು ಸಾಲು ಇವೆ, ಎಚ್‌ಡಿಎಂಐ ಮುಂದೆ ಒಂದು ಚುಕ್ಕಿ ಇದೆ. ಪ್ರತಿ ಸಾಲಿಗೂ ಒಂದು ನಂಬರ್ ಇದೆ. ಆ ನಂಬರ್ ಮತ್ತು ಕಾರ್ಡ್ ನಂಬರ್ ಬೇರೆ ಬೇರೆಯಾ?

ಹಳೇಟರ್ಮಿನಲ್

ಬೇರೆ ಬೇರೆ. ಎರಡನ್ನೂ ನಂಬಬೇಡಿ.

ಅಲ್ಸಾ ಕಾರ್ಡ್ ನಂಬರ್ ಬಸ್ಸಿನ ಸೀಟಿನ ಹಾಗೆ, ಮೊದಲು ಹತ್ತಿದವರು ಮೊದಲು ಕೂರುತ್ತಾರೆ. ಬೂಟ್ ಆಗುವಾಗ ಡ್ರೈವರ್‌ಗಳು ಒಟ್ಟೊಟ್ಟಿಗೆ ಲೋಡ್ ಆಗುತ್ತವೆ. ಇವತ್ತು ಯುಎಸ್‌ಬಿ ಮುಂದೆ ಬಂತು, ನಾಳೆ ಎಚ್‌ಡಿಎಂಐ ಬರಬಹುದು. ಎಸೌಂಡ್‌ಆರ್‌ಸಿಯಲ್ಲಿ ‘ಕಾರ್ಡ್ 2’ ಅಂತ ಬರೆದವರಿಗೆ ಒಂದು ದಿನ ಸರಿಯಾಗಿ ಬಂದು ಮರುದಿನ ಕೈಕೊಡುವುದು ಇದಕ್ಕೇ. ಡಬ್ಲ್ಯುಪಿಸಿಟಿಎಲ್ ತೋರಿಸುವ ನಂಬರ್ ಕೂಡ ಶಾಶ್ವತ ಅಲ್ಲ. ಪೈಪ್‌ವೈರ್ ಮರುಚಾಲೂ ಆದರೆ, ಕೇಬಲ್ ಕಿತ್ತು ಹಾಕಿದರೆ ಬದಲಾಗುತ್ತದೆ.

ಬದಲಾಗದೆ ಉಳಿಯುವುದು ಹೆಸರು. ‘ಪಿಎಸಿಟಿಎಲ್ ಲಿಸ್ಟ್ ಶಾರ್ಟ್ ಸಿಂಕ್ಸ್’ ಅಂತ ಕೇಳಿ ನೋಡಿ. ‘ಅಲ್ಸಾ ಅಂಡರ್‌ಸ್ಕೋರ್ ಔಟ್‌ಪುಟ್ ಡಾಟ್ ಯುಎಸ್‌ಬಿ’ ಅಂತ ಶುರುವಾಗಿ, ತಯಾರಕರ ಹೆಸರು, ಮಾಡೆಲ್, ಇದ್ದರೆ ಸೀರಿಯಲ್ ನಂಬರ್ ಎಲ್ಲ ಸೇರಿದ ಒಂದು ಉದ್ದ ಹೆಸರು ಇರುತ್ತದೆ. ಕೊನೆಗೆ ‘ಅನಲಾಗ್ ಸ್ಟೀರಿಯೊ’ ಅಂತ ಇರುತ್ತದೆ. ಯಾವ ಯುಎಸ್‌ಬಿ ಪೋರ್ಟಿಗೆ ಚುಚ್ಚಿದರೂ ಸಾಮಾನ್ಯವಾಗಿ ಇದೇ ಹೆಸರು ಬರುತ್ತದೆ.

ಈಗ ನೀವು ಸೆಟ್ಟಿಂಗ್ಸ್‌ನ ಸೌಂಡ್ ಪುಟದಲ್ಲಿ ಯುಎಸ್‌ಬಿ ಕಾರ್ಡನ್ನು ಔಟ್‌ಪುಟ್‌ಗೂ ಇನ್‌ಪುಟ್‌ಗೂ ಆರಿಸಿ. ಟರ್ಮಿನಲ್ ಇಷ್ಟ ಅಂದರೆ ‘ಡಬ್ಲ್ಯುಪಿಸಿಟಿಎಲ್ ಸೆಟ್ ಹೈಫನ್ ಡಿಫಾಲ್ಟ್’ ಬರೆದು ಆ ಕ್ಷಣದ ನಂಬರ್ ಕೊಡಿ. ನೀವು ನಂಬರ್ ಕೊಟ್ಟರೂ ವೈರ್‌ಪ್ಲಂಬರ್ ಬರೆದಿಟ್ಟುಕೊಳ್ಳುವುದು ಹೆಸರನ್ನೇ. ಸ್ಟೇಟಸ್ ಔಟ್‌ಪುಟ್ಟಿನ ಕೊನೆಗೆ ‘ಡಿಫಾಲ್ಟ್ ಕಾನ್ಫಿಗರ್ಡ್’ ಅನ್ನುವ ಸಾಲುಗಳಲ್ಲಿ ಆ ಹೆಸರು ಕಾಣಬೇಕು. ಕಂಡರೆ ಮುಗಿಯಿತು. ಇಂಟರ್‌ಫೇಸ್ ಕಿತ್ತರೆ ದನಿ ಬೇರೆ ಕಾರ್ಡಿಗೆ ಹೋಗುತ್ತದೆ, ಮತ್ತೆ ಚುಚ್ಚಿದರೆ ಅದಕ್ಕೇ ವಾಪಸ್ ಬರುತ್ತದೆ.

ಎಚ್‌ಡಿಎಂಐ ಕಾಟ ಪೂರ್ತಿ ತಪ್ಪಿಸಬೇಕು ಅಂದರೆ ದನಿ ಹೊಂದಿಸುವ ಪ್ರೋಗ್ರಾಂ ‘ಪಾವುಕಂಟ್ರೋಲ್’ ಹಾಕಿಕೊಳ್ಳಿ. ಅದರ ಕೊನೆಯ ಟ್ಯಾಬ್ ಕಾನ್ಫಿಗರೇಷನ್. ಅಲ್ಲಿ ಎಚ್‌ಡಿಎಂಐ ಕಾರ್ಡಿನ ಪ್ರೊಫೈಲನ್ನು ‘ಆಫ್’ ಮಾಡಿ. ಆ ಕಾರ್ಡ್ ಪಟ್ಟಿಯಿಂದಲೇ ಹೋಗುತ್ತದೆ. ಟಿವಿಗೆ ಜೋಡಿಸಿ ಸಿನಿಮಾ ನೋಡಬೇಕು ಅನ್ನಿಸಿದ ದಿನ ಅಲ್ಲೇ ವಾಪಸ್ ಆನ್ ಮಾಡಬಹುದು.

ಬ್ಲ್ಯಾಕ್‌ಲಿಸ್ಟ್ ಬೇಡ ಅಂದಿದ್ದಕ್ಕೆ ಕಾರಣ ಇದು. ಆನ್‌ಬೋರ್ಡ್ ಕಾರ್ಡಿಗೂ ಗ್ರಾಫಿಕ್ಸ್ ಕಾರ್ಡಿನ ಎಚ್‌ಡಿಎಂಐಗೂ ಸಾಮಾನ್ಯವಾಗಿ ಒಂದೇ ಡ್ರೈವರ್, ‘ಎಸ್‌ಎನ್‌ಡಿ ಎಚ್‌ಡಿಎ ಇಂಟೆಲ್’. ಅದನ್ನು ತಡೆದರೆ ಎರಡೂ ಒಟ್ಟಿಗೆ ಹೋಗುತ್ತವೆ. ಮುಂದೊಂದು ದಿನ ಯುಎಸ್‌ಬಿ ಕಾರ್ಡ್ ಕಿತ್ತಾಗ, ದನಿಯೇ ಬರದ ‘ಡಮ್ಮಿ ಔಟ್‌ಪುಟ್’ ಒಂದೇ ಉಳಿಯುತ್ತದೆ. ಅಷ್ಟೊತ್ತಿಗೆ ಬ್ಲ್ಯಾಕ್‌ಲಿಸ್ಟ್ ಮಾಡಿದ್ದೇ ಮರೆತುಹೋಗಿರುತ್ತದೆ.

ನಾದಬಿಂದು

ಹಳೇಟರ್ಮಿನಲ್ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಡಿಫಾಲ್ಟ್ ಸರಿ ಇದ್ದೂ ಫೈರ್‌ಫಾಕ್ಸ್ ದನಿ ಮಾತ್ರ ಬೇರೆ ಕಡೆ ಹೋಗುವುದು ಉಂಟು. ಯಾವುದಾದರೂ ಒಂದು ದಿನ ಪಾವುಕಂಟ್ರೋಲ್‌ನ ಪ್ಲೇಬ್ಯಾಕ್ ಟ್ಯಾಬಿನಲ್ಲಿ ಆ ಪ್ರೋಗ್ರಾಮನ್ನು ಮಾತ್ರ ಬೇರೆ ಕಾರ್ಡಿಗೆ ಕಳಿಸಿದ್ದರೆ, ವೈರ್‌ಪ್ಲಂಬರ್ ಅದನ್ನೂ ನೆನಪಿಟ್ಟಿರುತ್ತದೆ. ಹಾಡು ಓಡುತ್ತಿರುವಾಗ ಅದೇ ಟ್ಯಾಬಿಗೆ ಹೋಗಿ ಸರಿಯಾದ ಕಾರ್ಡಿಗೆ ತಿರುಗಿಸಿ. ಪ್ರೋಗ್ರಾಂ ಓಡದೆ ಇದ್ದರೆ ಅಲ್ಲಿ ಏನೂ ಕಾಣುವುದಿಲ್ಲ.

ಎಡಗಿವಿ ವಿಷಯ. ನಾನು ಆನ್‌ಲೈನಿನಲ್ಲಿ ಮೃದಂಗ ಕಲಿಸುತ್ತೇನೆ, ಇದನ್ನು ಚೆನ್ನಾಗಿ ಬಲ್ಲೆ. ಕಾರ್ಡ್ ಕೆಟ್ಟಿಲ್ಲ. ಎರಡು ಇನ್‌ಪುಟ್ ಇರುವ ಇಂಟರ್‌ಫೇಸನ್ನು ಸಿಸ್ಟಮ್ ಒಂದು ಸ್ಟೀರಿಯೊ ಮೈಕ್ ಅಂತ ಓದುತ್ತದೆ. ಒಂದನೇ ಸಾಕೆಟ್ ಎಡ, ಎರಡನೇ ಸಾಕೆಟ್ ಬಲ. ಅಮ್ಮನ ಮೈಕ್ ಒಂದನೆಯದರಲ್ಲಿದೆ, ಎರಡನೆಯದು ಖಾಲಿ. ಅಷ್ಟೇ.

ಆಡಾಸಿಟಿಯಲ್ಲಿ ರೆಕಾರ್ಡಿಂಗ್ ಚಾನೆಲ್ಸ್ ಅನ್ನುವಲ್ಲಿ 1, ಅಂದರೆ ಮೋನೋ ಆರಿಸಿ. ಒಂದು ದನಿಗೆ ಒಂದು ಟ್ರ್ಯಾಕ್ ಸಾಕು, ಫೈಲೂ ಅರ್ಧ ಆಗುತ್ತದೆ. ಅಲ್ಲಿ ಡಿವೈಸ್ ಪಟ್ಟಿಯಲ್ಲಿ ‘ಎಚ್‌ಡಬ್ಲ್ಯು’ ಅಂತ ಇರುವ ಹೆಸರುಗಳನ್ನು ಬಿಟ್ಟು ‘ಪೈಪ್‌ವೈರ್’ ಅಥವಾ ‘ಡಿಫಾಲ್ಟ್’ ಆರಿಸಿ. ಎಚ್‌ಡಬ್ಲ್ಯು ಆರಿಸಿದರೆ ಆಡಾಸಿಟಿ ಪೈಪ್‌ವೈರನ್ನು ದಾಟಿ ನೇರವಾಗಿ ಕಾರ್ಡ್ ಹಿಡಿಯಲು ನೋಡುತ್ತದೆ. ಆ ಹೊತ್ತಿಗೆ ಬ್ರೌಸರಿನಲ್ಲಿ ಏನಾದರೂ ಓಡುತ್ತಿದ್ದರೆ ಡಿವೈಸ್ ಬ್ಯುಸಿ ಅನ್ನುತ್ತದೆ. ಪೈಪ್‌ವೈರ್ ಹೆಸರೇ ಪಟ್ಟಿಯಲ್ಲಿ ಇಲ್ಲ ಅಂದರೆ ‘ಪೈಪ್‌ವೈರ್ ಹೈಫನ್ ಅಲ್ಸಾ’ ಪ್ಯಾಕೇಜ್ ಹಾಕಿಕೊಳ್ಳಿ.

ವಿಡಿಯೊ ಕರೆಗಳಲ್ಲೂ ದನಿ ಎಡಕ್ಕೇ ಹೋಗುತ್ತಿದ್ದರೆ ಹೇಳಿ, ಅದಕ್ಕೆ ಬೇರೆ ದಾರಿ ಇದೆ.

ತುಂಗಾತೀರ

ಮೋನೋ ಮಾಡಿದೆ, ಎರಡೂ ಕಿವಿಗೆ ಬಂತು! ಕೇಬಲ್ ಕಿತ್ತು ಹಾಕಿ ನೋಡಿದೆ, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ, ಡಿಫಾಲ್ಟ್ ಯುಎಸ್‌ಬಿಯಲ್ಲೇ ಇದೆ. ಅಮ್ಮ ಒಂದು ಪದ್ಯ ಓದಿದರು. ಹೆಡ್‌ಫೋನಿನಲ್ಲಿ ಕೇಳಿದಾಗ ಉಸಿರು ತೆಗೆದುಕೊಳ್ಳುವ ಸದ್ದೂ ಸ್ಪಷ್ಟ.

ಎರಡು ಅನುಮಾನ ಉಳಿದಿವೆ. ಒಂದು, ‘ಅಲ್ಸಾಮಿಕ್ಸರ್’ ತೆಗೆದು ಎಫ್6 ಒತ್ತಿ ಈ ಕಾರ್ಡ್ ಆರಿಸಿದರೆ ಯಾವ ಕಂಟ್ರೋಲೂ ಇಲ್ಲ ಅನ್ನುತ್ತದೆ. ಡ್ರೈವರ್ ಅರ್ಧಂಬರ್ಧವಾ?

ಎರಡನೆಯದು ವಿಚಿತ್ರ. ರೆಕಾರ್ಡಿಂಗ್ ಪ್ಲೇ ಮಾಡಿದಾಗ ಮೊದಲ ಅಕ್ಷರ ಕೇಳುವುದೇ ಇಲ್ಲ. ಅಮ್ಮ ‘ಶ್ರೀ’ ಅಂತ ಶುರು ಮಾಡಿದ್ದಾರೆ. ಪರದೆಯ ಮೇಲೆ ಆ ‘ಶ್ರೀ’ಯ ಅಲೆ ಕಣ್ಣಿಗೆ ಕಾಣುತ್ತಿದೆ, ಆದರೆ ಕಿವಿಗೆ ‘ಈ’ ಅಂತಷ್ಟೇ ಬೀಳುತ್ತದೆ. ತಕ್ಷಣ ಮತ್ತೆ ಪ್ಲೇ ಮಾಡಿದರೆ ಪೂರ್ತಿ ಕೇಳುತ್ತದೆ.

ಹಳೇಟರ್ಮಿನಲ್

ಮೊದಲನೆಯದು ತೊಂದರೆ ಅಲ್ಲ. ಎಷ್ಟೋ ಯುಎಸ್‌ಬಿ ಇಂಟರ್‌ಫೇಸ್‌ಗಳಲ್ಲಿ ಗೇನ್, ವಾಲ್ಯೂಮ್ ಎಲ್ಲ ಪೆಟ್ಟಿಗೆಯ ಮೇಲಿನ ತಿರುಗುಗುಂಡಿಯಲ್ಲೇ ಇರುತ್ತವೆ. ಸಾಫ್ಟ್‌ವೇರ್‌ಗೆ ತಿರುಗಿಸಲು ಏನೂ ಇಲ್ಲ. ಆನ್‌ಬೋರ್ಡ್ ಕಾರ್ಡಿಗೆ ಅಲ್ಸಾಮಿಕ್ಸರ್ ಬೇಕಾಗುತ್ತದೆ. ಅಲ್ಲಿ ಕಂಬದ ಬುಡದಲ್ಲಿ ‘ಎಂಎಂ’ ಅಂತ ಇದ್ದರೆ ಅದು ಮ್ಯೂಟ್. ‘ಎಂ’ ಕೀಲಿ ಒತ್ತಿದರೆ ‘00’ ಆಗಿ ತೆರೆದುಕೊಳ್ಳುತ್ತದೆ.

ಎರಡನೆಯದನ್ನು ಬಹಳ ಚೆನ್ನಾಗಿ ಗಮನಿಸಿದ್ದೀರಿ. ರೆಕಾರ್ಡಿಂಗ್‌ನಲ್ಲಿ ಏನೂ ಕಳೆದುಹೋಗಿಲ್ಲ. ಯಾವ ದನಿಯೂ ಇಲ್ಲದೆ 5 ಸೆಕೆಂಡ್ ಆದರೆ ವೈರ್‌ಪ್ಲಂಬರ್ ಕಾರ್ಡನ್ನು ಮಲಗಿಸುತ್ತದೆ. ಮತ್ತೆ ದನಿ ಬಂದಾಗ ಕಾರ್ಡ್ ಎದ್ದು ಗಡಿಯಾರ ಹೊಂದಿಸಿಕೊಳ್ಳುವಷ್ಟರಲ್ಲಿ ಮೊದಲ ಚೂರು ಹೋಗಿರುತ್ತದೆ. ತಕ್ಷಣ ಪ್ಲೇ ಮಾಡಿದಾಗ ಸರಿ ಬರುವುದು ಕಾರ್ಡ್ ಇನ್ನೂ ಎಚ್ಚರ ಇರುವುದರಿಂದ.

ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಉಳಿಸಲು ಈ ಮಲಗಿಸುವುದು ಬೇಕು. ಡೆಸ್ಕ್‌ಟಾಪಿಗೆ ಯಾಕೆ? ತೆಗೆದುಬಿಡಿ. ನಿಮ್ಮ ಉಬುಂಟುವಿನಲ್ಲಿ ಇರುವುದು ವೈರ್‌ಪ್ಲಂಬರ್ 0.4, ಅದಕ್ಕೆ ಲುವಾ ಭಾಷೆಯ ಫೈಲ್ ಬೇಕು. ಹೋಮ್‌ನಲ್ಲಿ ಡಾಟ್ ಕಾನ್ಫಿಗ್, ಅದರೊಳಗೆ ವೈರ್‌ಪ್ಲಂಬರ್, ಅದರೊಳಗೆ ‘ಮೇನ್ ಡಾಟ್ ಲುವಾ ಡಾಟ್ ಡಿ’ ಅಂತ ಫೋಲ್ಡರ್ ಮಾಡಿ. ಅದರಲ್ಲಿ 51ರಿಂದ ಶುರುವಾಗುವ, ಡಾಟ್ ಲುವಾದಲ್ಲಿ ಮುಗಿಯುವ ಹೆಸರಿನ ಒಂದು ಫೈಲ್. ಒಳಗೆ ಒಂದೇ ನಿಯಮ. ‘ನೋಡ್ ಡಾಟ್ ನೇಮ್’ ಅನ್ನುವುದು ‘ಅಲ್ಸಾ ಅಂಡರ್‌ಸ್ಕೋರ್ ಔಟ್‌ಪುಟ್ ಡಾಟ್ ಯುಎಸ್‌ಬಿ ಹೈಫನ್ ನಕ್ಷತ್ರ’ಕ್ಕೆ ಹೊಂದಿದರೆ, ‘ಸೆಷನ್ ಡಾಟ್ ಸಸ್ಪೆಂಡ್ ಟೈಮ್‌ಔಟ್ ಸೆಕೆಂಡ್ಸ್’ 0. ಕೊನೆಗೆ ಆ ನಿಯಮವನ್ನು ‘ಅಲ್ಸಾ ಮಾನಿಟರ್ ರೂಲ್ಸ್’ ಪಟ್ಟಿಗೆ ಸೇರಿಸುವ ಸಾಲು. ಪೂರ್ತಿ ಫೈಲನ್ನು ನಿಮಗೆ ಖಾಸಗಿ ಸಂದೇಶದಲ್ಲಿ ಕಳಿಸಿದ್ದೇನೆ, ಹಾಗೇ ಇಟ್ಟುಬಿಡಿ.

ಆಮೇಲೆ ‘ಸಿಸ್ಟಮ್‌ಸಿಟಿಎಲ್’ ಕಮಾಂಡಿಗೆ ಎರಡು ಹೈಫನ್ ಯೂಸರ್ ಸೇರಿಸಿ ವೈರ್‌ಪ್ಲಂಬರ್ ರೀಸ್ಟಾರ್ಟ್ ಮಾಡಿ. ಸುಡೋ ಹಾಕಬೇಡಿ. ಇವೆಲ್ಲ ನಿಮ್ಮ ಲಾಗಿನ್‌ಗೆ ಸೇರಿದ ಸೇವೆಗಳು, ರೂಟ್‌ಗೆ ಸೇರಿದ್ದಲ್ಲ.

ಧಾರವಾಡಪೇಢ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಂದು ಹೊಸ ಲ್ಯಾಪ್‌ಟಾಪ್, ಡೆಬಿಯನ್ 12. ನನಗೆ ಕಾರ್ಡೇ ಕಾಣ್ತಿಲ್ಲ, ಡಮ್ಮಿ ಔಟ್‌ಪುಟ್ ಒಂದೇ ಐತಿ. ನಾನೂ ವೈರ್‌ಪ್ಲಂಬರ್ ನೋಡಬೇಕಾ?

ಹಳೇಟರ್ಮಿನಲ್

ಬೇಡ. ನಿಮ್ಮದು ಕೆಳಗಿನ ಪದರದ ತೊಂದರೆ. ಎಪ್ಲೇಯಲ್ಲೇ ಕಾರ್ಡ್ ಇಲ್ಲ ಅಂದರೆ ಮೇಲೆ ಏನು ತಿರುಗಿಸಿದರೂ ಪ್ರಯೋಜನ ಇಲ್ಲ.

ಇಂಟೆಲ್‌ನ ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಸೌಂಡ್ ಚಿಪ್‌ಗೆ ಬೇರೆ ಫರ್ಮ್‌ವೇರ್ ಬೇಕು. ಅದರ ಹೆಸರು ಸೌಂಡ್ ಓಪನ್ ಫರ್ಮ್‌ವೇರ್, ಚಿಕ್ಕದಾಗಿ ಎಸ್‌ಒಎಫ್. ಡೆಬಿಯನ್‌ನಲ್ಲಿ ಪ್ಯಾಕೇಜ್ ಹೆಸರು ‘ಫರ್ಮ್‌ವೇರ್ ಎಸ್‌ಒಎಫ್ ಸೈನ್ಡ್’, ಇರುವುದು ನಾನ್‌ಫ್ರೀ ಫರ್ಮ್‌ವೇರ್ ವಿಭಾಗದಲ್ಲಿ. ಫೆಡೋರಾದಲ್ಲಿ ‘ಅಲ್ಸಾ ಎಸ್‌ಒಎಫ್ ಫರ್ಮ್‌ವೇರ್’. ಹಾಕಿ ರೀಬೂಟ್ ಮಾಡಿ. ಆಗಲೂ ಬರದಿದ್ದರೆ ಲ್ಯಾಪ್‌ಟಾಪ್ ಮಾಡೆಲ್, ಕರ್ನೆಲ್ ಸಂದೇಶ ತೋರಿಸುವ ‘ಡಿಮೆಸೇಜ್’ (ಡಿ, ಎಂ, ಇ, ಎಸ್, ಜಿ) ಕಮಾಂಡಿನಲ್ಲಿ ಎಸ್‌ಒಎಫ್ ಅಂತ ಇರುವ ಸಾಲುಗಳ ಜೊತೆ ಬೇರೆ ಚರ್ಚೆ ಶುರು ಮಾಡಿ. ತೀರಾ ಹೊಸ ಲ್ಯಾಪ್‌ಟಾಪ್ ಆದರೆ ಡೆಬಿಯನ್ 12ರ ಕರ್ನೆಲ್ 6.1 ಸಾಲದೇ ಇರಬಹುದು, ಬ್ಯಾಕ್‌ಪೋರ್ಟ್ಸ್ ವಿಭಾಗದಲ್ಲಿ ಸಿಗುವ ಹೊಸ ಕರ್ನೆಲ್ ಹಾಕಿ ನೋಡಿ.

ಧಾರವಾಡಪೇಢ

ಬಂತ್ರೀ ದನಿ! ಪ್ಯಾಕೇಜ್ ಹಾಕಿದ್ದಷ್ಟೇ. ಭಾಳ ಉಪಕಾರ ಆತು.

ಹಳೆಪೆಟ್ಟಿಗೆ

ಯುಎಸ್‌ಬಿ ಕಾರ್ಡ್‌ಗಳ ಮಾತೇ ಆಗುತ್ತಿದೆ. ಹಳೆಯ ಪಿಸಿಐ ಕಾರ್ಡ್ ಇಟ್ಟುಕೊಂಡವರಿಗೂ ಒಂದು ಮಾತು ಹೇಳಬೇಕು.

ಎಂ-ಆಡಿಯೊ ಡೆಲ್ಟಾ ಸಾಲಿನ ಕಾರ್ಡ್‌ಗಳಿಗೆ ‘ಐಸ್ 1712’ ಡ್ರೈವರ್ ಇವತ್ತಿಗೂ ಕರ್ನೆಲ್‌ನಲ್ಲಿ ಇದೆ. ಅದರ ಮಿಕ್ಸರ್ ‘ಎನ್ವಿ24ಕಂಟ್ರೋಲ್’ ಕೂಡ ಸಿಗುತ್ತದೆ. ಆಸುಸ್ ಜೋನಾರ್‌ನ ಹೆಚ್ಚಿನ ಕಾರ್ಡ್‌ಗಳಿಗೆ ‘ವರ್ಚುಓಸೊ’ ಡ್ರೈವರ್. ಸೌಂಡ್ ಬ್ಲಾಸ್ಟರ್ ಲೈವ್, ಆಡಿಜಿಗೆ ‘ಇಎಂಯು10ಕೆ1’. ಕ್ರಿಯೇಟಿವ್ ಕಂಪನಿ ಎಕ್ಸ್-ಫೈ ಡ್ರೈವರಿನ ಮೂಲ ಕೋಡನ್ನು 2008ರಲ್ಲಿ ಜಿಪಿಎಲ್ ಅನ್ನುವ ಮುಕ್ತ ಪರವಾನಗಿ ಅಡಿ ಬಿಡುಗಡೆ ಮಾಡಿತು, 2009ರಲ್ಲಿ ಅದು ಕರ್ನೆಲ್ 2.6.31ಕ್ಕೆ ಸೇರಿತು. ಹೊಸ ವಿಂಡೋಸಿಗೆ ಡ್ರೈವರ್ ಸಿಗದೆ ಮೂಲೆ ಸೇರಿದ ಕಾರ್ಡ್ ನಿಮ್ಮ ಅಟ್ಟದ ಮೇಲೆ ಇದ್ದರೆ ಎಸೆಯಬೇಡಿ. ಬೋರ್ಡಿನಲ್ಲಿ ಸ್ಲಾಟ್ ಒಂದಿದ್ದರೆ ಅದು ಇವತ್ತೂ ಹಾಡುತ್ತದೆ. ನನ್ನ ಡೆಲ್ಟಾ ಕಾರ್ಡಿನಲ್ಲಿ ಹಳೆಯ ಕ್ಯಾಸೆಟ್‌ಗಳನ್ನೆಲ್ಲ ಡಿಜಿಟಲ್ ಮಾಡಿದ್ದೇನೆ. ನಾಟಕ, ಭಜನೆ, ತಾತನ ದನಿ, ಎಲ್ಲ.

ಈ ಕಾರ್ಡ್‌ಗಳಲ್ಲಿ ಹತ್ತು ಹನ್ನೆರಡು ಚಾನೆಲ್ ಇರುತ್ತವೆ. ಪೈಪ್‌ವೈರ್ ಒಮ್ಮೊಮ್ಮೆ ಸರೌಂಡ್ ಅಂತ ತಿಳಿದು ಏನೇನೋ ಹೆಸರು ಕೊಡುತ್ತದೆ. ಪಾವುಕಂಟ್ರೋಲ್‌ನಲ್ಲಿ ‘ಪ್ರೋ ಆಡಿಯೊ’ ಪ್ರೊಫೈಲ್ ಆರಿಸಿ. ಎಡ ಬಲ ಅನ್ನುವ ಊಹೆ ಇಲ್ಲದೆ ಆಕ್ಸ್0, ಆಕ್ಸ್1 ಅಂತ ಎಲ್ಲ ಚಾನೆಲ್ ಹಾಗೇ ಸಿಗುತ್ತವೆ.

ಹಳೇಟರ್ಮಿನಲ್

ಪ್ರೋ ಆಡಿಯೊ ಹೇಳಿದ್ದು ಒಳ್ಳೆಯದಾಯಿತು. ಒಂದು ಎಚ್ಚರಿಕೆ ಮಾತ್ರ. ಪ್ರೊಫೈಲ್ ಬದಲಿಸಿದರೆ ಕಾರ್ಡಿನ ಹೆಸರಿನ ಬಾಲವೂ ಬದಲಾಗುತ್ತದೆ. ‘ಅನಲಾಗ್ ಸ್ಟೀರಿಯೊ’ ಇದ್ದಲ್ಲಿ ‘ಪ್ರೋ ಔಟ್‌ಪುಟ್ 0’ ಬರುತ್ತದೆ. ವೈರ್‌ಪ್ಲಂಬರ್‌ಗೆ ಅದು ಬೇರೆ ಹೆಸರು. ಹಾಗಾಗಿ ಪ್ರೊಫೈಲ್ ಬದಲಿಸಿದ ಮೇಲೆ ಡಿಫಾಲ್ಟ್ ಇನ್ನೊಮ್ಮೆ ಆರಿಸಬೇಕು. ಆ ಪ್ರೊಫೈಲಿನಲ್ಲಿ ಕಾರ್ಡಿನ ಹಾರ್ಡ್‌ವೇರ್ ವಾಲ್ಯೂಮನ್ನೂ ಪೈಪ್‌ವೈರ್ ಮುಟ್ಟುವುದಿಲ್ಲ.

ತುಂಗಾತೀರ

‘ಶ್ರೀ’ ಪೂರ್ತಿ ಕೇಳಿಸಿತು. ಅಮ್ಮನಿಗೂ ಕೇಳಿಸಿದೆ, ಬಹಳ ಖುಷಿ.

ನಾದಬಿಂದು ಅವರೇ, ನೀವು ಹೇಳಿದ ವಿಡಿಯೊ ಕರೆ ವಿಷಯ ನನಗೂ ಬೇಕು. ಅಮ್ಮನ ಶಿಷ್ಯೆಯೊಬ್ಬರು ಹೊರದೇಶದಲ್ಲಿ ಇದ್ದಾರೆ. ಅವರಿಗೆ ಪಾಠ ಹೇಳುವಾಗ ದನಿ ಒಂದೇ ಕಿವಿಗೆ ಬರುತ್ತದೆ ಅಂದರು. ಕರೆಯ ಪ್ರೋಗ್ರಾಮಿನಲ್ಲಿ ಮೋನೋ ಆಯ್ಕೆ ಇಲ್ಲ.

ನಾದಬಿಂದು

ಅದಕ್ಕೆ ಪೈಪ್‌ವೈರ್‌ನ ಲೂಪ್‌ಬ್ಯಾಕ್ ಮಾಡ್ಯೂಲ್ ಇದೆ. ನಿಮ್ಮ ಕಾರ್ಡಿನ ಒಂದನೇ ಇನ್‌ಪುಟ್ ಮಾತ್ರ ತೆಗೆದುಕೊಂಡು, ಅದನ್ನೇ ಹೊಸದೊಂದು ಮೋನೋ ಮೈಕ್ ಅಂತ ಸಿಸ್ಟಮ್‌ಗೆ ತೋರಿಸುತ್ತದೆ. ಕರೆಯ ಪ್ರೋಗ್ರಾಂ ಪಟ್ಟಿಯಲ್ಲಿ ‘ಅಮ್ಮನ ಮೈಕ್’ ಅಂತಲೇ ಹೆಸರು ಬರುವ ಹಾಗೆ ಮಾಡಬಹುದು.

ಫೈಲ್ ಇರಬೇಕಾದ ಜಾಗ ಡಾಟ್ ಕಾನ್ಫಿಗ್ ಒಳಗೆ ಪೈಪ್‌ವೈರ್, ಅದರೊಳಗೆ ‘ಪೈಪ್‌ವೈರ್ ಡಾಟ್ ಕಾನ್ಫ್ ಡಾಟ್ ಡಿ’. ಫೈಲಿನಲ್ಲಿ ಎರಡು ಭಾಗ. ಕ್ಯಾಪ್ಚರ್ ಭಾಗದಲ್ಲಿ ‘ಟಾರ್ಗೆಟ್ ಡಾಟ್ ಆಬ್ಜೆಕ್ಟ್’ಗೆ ನಿಮ್ಮ ಕಾರ್ಡಿನ ಇನ್‌ಪುಟ್ ಹೆಸರು ಕೊಡಿ. ಉದ್ದ ಹೆಸರೇ ಬೇಕು, ನಂಬರ್ ಬೇಡ. ‘ಆಡಿಯೊ ಡಾಟ್ ಪೊಸಿಷನ್’ಗೆ ಎಫ್‌ಎಲ್ (ಎಡ ಚಾನೆಲ್), ಪ್ರೋ ಆಡಿಯೊ ಇದ್ದರೆ ಆಕ್ಸ್0. ‘ಸ್ಟ್ರೀಮ್ ಡಾಟ್ ಡೋಂಟ್ ರಿಮಿಕ್ಸ್’ ಟ್ರೂ. ಈ ಸಾಲು ಬಿಡಬೇಡಿ. ಬಿಟ್ಟರೆ ಖಾಲಿ ಇರುವ ಎರಡನೇ ಇನ್‌ಪುಟ್ಟನ್ನೂ ಸೇರಿಸಿ ಕಲಸುತ್ತದೆ. ಪ್ಲೇಬ್ಯಾಕ್ ಭಾಗದಲ್ಲಿ ‘ಮೀಡಿಯಾ ಡಾಟ್ ಕ್ಲಾಸ್’ ಅಂದರೆ ‘ಆಡಿಯೊ ಸೋರ್ಸ್’, ಪೊಸಿಷನ್ ಮೋನೋ.

ಪೈಪ್‌ವೈರ್ ರೀಸ್ಟಾರ್ಟ್ ಮಾಡಿದ ಮೇಲೆ ‘ಕ್ಯುಪಿಡಬ್ಲ್ಯುಗ್ರಾಫ್’ ತೆಗೆದು ನೋಡಿ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಚಿತ್ರದಲ್ಲೇ ಕಾಣುತ್ತದೆ. ಕಾರ್ಡಿನ ಒಂದನೇ ಇನ್‌ಪುಟ್ಟಿನಿಂದ ಲೂಪ್‌ಬ್ಯಾಕ್‌ಗೆ ಒಂದೇ ಗೆರೆ ಇರಬೇಕು. ಆ ಒಂದು ಗೆರೆ ಕಂಡರೆ ಪಾಠ ಶುರು ಮಾಡಬಹುದು.

ಕಲಿಸುವವರಿಗೆ ಇನ್ನೊಂದು ಮಾತು, ಲೇಟೆನ್ಸಿ, ಅಂದರೆ ದನಿ ತಡವಾಗಿ ಬರುವುದು. ಪೈಪ್‌ವೈರ್ ಸಾಮಾನ್ಯವಾಗಿ 48,000 ಹರ್ಟ್ಜ್‌ನಲ್ಲಿ 1024 ಸ್ಯಾಂಪಲ್‌ಗಳ ಕಂತಿನಲ್ಲಿ ಕೆಲಸ ಮಾಡುತ್ತದೆ. ಒಂದು ಕಂತಿಗೆ ಸುಮಾರು 21 ಮಿಲಿಸೆಕೆಂಡ್. ಸಿನಿಮಾ ನೋಡಲು ಏನೂ ಅಲ್ಲ. ಆದರೆ ಸಾಫ್ಟ್‌ವೇರ್ ಮೂಲಕ ನಿಮ್ಮ ದನಿಯನ್ನೇ ಹೆಡ್‌ಫೋನಿನಲ್ಲಿ ಕೇಳಿಸಿಕೊಂಡರೆ, ಹೋಗುವಾಗ ಬರುವಾಗ ಸೇರಿ ಅದು ಜಾಸ್ತಿ ಆಗುತ್ತದೆ. ಮೃದಂಗದವರಿಗೆ ಲಯವೇ ಕೈ ತಪ್ಪುತ್ತದೆ. ಕಂತನ್ನು 256ಕ್ಕೆ ಇಳಿಸಿದರೆ 5.3 ಮಿಲಿಸೆಕೆಂಡ್. ‘ಪಿಡಬ್ಲ್ಯು ಮೆಟಾಡೇಟಾ’ ಕಮಾಂಡಿನಲ್ಲಿ ‘ಸೆಟ್ಟಿಂಗ್ಸ್’ ಹೆಸರಿನ ಪಟ್ಟಿಗೆ ‘ಕ್ಲಾಕ್ ಡಾಟ್ ಫೋರ್ಸ್ ಕ್ವಾಂಟಮ್ 256’ ಅಂತ ಕೊಟ್ಟರೆ ಆ ಕ್ಷಣದಿಂದಲೇ ಜಾರಿ. 0 ಕೊಟ್ಟರೆ ಮೊದಲಿನ ಹಾಗೆ.

ಅಮ್ಮನ ವಾಚನಕ್ಕೆ ಇದು ಬೇಕಿಲ್ಲ. ಇಂಟರ್‌ಫೇಸ್ ಮೇಲೆ ‘ಡೈರೆಕ್ಟ್ ಮಾನಿಟರ್’ ಗುಂಡಿ ಇದ್ದರೆ ಒತ್ತಿ. ಮೈಕಿನ ದನಿ ಕಂಪ್ಯೂಟರಿಗೆ ಹೋಗಿ ಬರುವ ಮೊದಲೇ ನೇರವಾಗಿ ಹೆಡ್‌ಫೋನಿಗೆ ಬರುತ್ತದೆ.

ಕಡಲಾಚೆ

ನಾನು ರೆಕಾರ್ಡ್ ಮಾಡುವವನಲ್ಲ, ಕೇಳುವವನು. ಸಿಡಿಗಳಿಂದ ತೆಗೆದ ಫೈಲ್‌ಗಳು ಎಲ್ಲ 44,100 ಹರ್ಟ್ಜ್. ಡಿಜಿಟಲ್ ದನಿಯನ್ನು ಅನಲಾಗ್ ಮಾಡುವ ಒಳ್ಳೆಯ ಡ್ಯಾಕ್ ಹಾಕಿದ್ದೇನೆ. ಆದರೆ ಪೈಪ್‌ವೈರ್ ಏನು ಮಾಡುತ್ತಿದೆ ಅಂತ ತೋರಿಸುವ ‘ಪಿಡಬ್ಲ್ಯು ಟಾಪ್’ ನೋಡಿದರೆ ಸದಾ 48,000 ತೋರಿಸುತ್ತದೆ. ಇದನ್ನು ತಪ್ಪಿಸಬಹುದಾ?

ಹಳೇಟರ್ಮಿನಲ್

ತಪ್ಪಿಸಬಹುದು. ಪೈಪ್‌ವೈರ್‌ಗೆ ಮೊದಲಿನಿಂದ ಅನುಮತಿ ಇರುವುದು 48,000 ಒಂದಕ್ಕೇ. ಮಿಕ್ಕಿದ್ದನ್ನೆಲ್ಲ ಅದಕ್ಕೆ ಪರಿವರ್ತಿಸುತ್ತದೆ. ನಾದಬಿಂದು ಹೇಳಿದ ಪೈಪ್‌ವೈರ್ ಫೋಲ್ಡರಿನಲ್ಲೇ ಒಂದು ಫೈಲ್ ಇಟ್ಟು, ‘ಡಿಫಾಲ್ಟ್ ಕ್ಲಾಕ್ ಅಲೌಡ್ ರೇಟ್ಸ್’ ಅನ್ನುವುದಕ್ಕೆ 44100, 48000, ನಿಮ್ಮ ಡ್ಯಾಕ್ ತಡೆದುಕೊಂಡರೆ 96000 ಸೇರಿಸಿ. ರೀಸ್ಟಾರ್ಟ್ ಮಾಡಿ.

ಇದು ಕೆಲಸ ಮಾಡುವುದು ಬೇರೆ ಯಾವ ದನಿಯೂ ಓಡದಿರುವಾಗ ಮಾತ್ರ. ಬ್ರೌಸರಿನಲ್ಲಿ ವಿಡಿಯೊ ಓಡುತ್ತಿದ್ದರೆ ರೇಟ್ ಬದಲಾಗುವುದಿಲ್ಲ. ಕಾರ್ಡಿಗೆ ನಿಜವಾಗಿ ಏನು ಹೋಗುತ್ತಿದೆ ಅಂತ ನೋಡಲು ‘ಪ್ರಾಕ್’ ಒಳಗೆ ‘ಎಸೌಂಡ್’, ಅದರೊಳಗೆ ನಿಮ್ಮ ಕಾರ್ಡಿನ ಫೋಲ್ಡರ್, ‘ಪಿಸಿಎಂ0ಪಿ’, ‘ಸಬ್0’, ಅಲ್ಲಿ ‘ಎಚ್‌ಡಬ್ಲ್ಯು ಪ್ಯಾರಮ್ಸ್’ ಫೈಲ್ ಓದಿ. ಹಾಡು ಓಡುತ್ತಿರುವಾಗ ಓದಬೇಕು, ಇಲ್ಲದಿದ್ದರೆ ‘ಕ್ಲೋಸ್ಡ್’ ಅಂತಷ್ಟೇ ಇರುತ್ತದೆ. ಅಲ್ಲಿ ರೇಟ್ 44100 ಅಂತ ಕಂಡರೆ ಅದೇ ಸತ್ಯ.

ಧಾರವಾಡಪೇಢ

ಈ ಚರ್ಚೆ ಓದಿ ನನಗೂ ಒಂದು ಇಂಟರ್‌ಫೇಸ್ ತಗೋಬೇಕು ಅನ್ನಿಸ್ತು. ಏನು ನೋಡಿ ತಗೋಬೇಕು?

ಹಳೆಪೆಟ್ಟಿಗೆ

ಡಬ್ಬಿಯ ಮೇಲೆ ‘ಕ್ಲಾಸ್ ಕಂಪ್ಲಯೆಂಟ್’ ಅಂತ ಇದೆಯಾ ನೋಡಿ. ಐಪ್ಯಾಡಿನಲ್ಲಿ ಡ್ರೈವರ್ ಇಲ್ಲದೆ ಓಡುತ್ತದೆ ಅಂತ ಬರೆದಿದ್ದರೂ ಅದೇ ಅರ್ಥ. ಯುಎಸ್‌ಬಿ ಆಡಿಯೊ ಕ್ಲಾಸ್ 2 ಕಾರ್ಡ್‌ಗಳು ಲಿನಕ್ಸಿನಲ್ಲಿ 2010ರಿಂದಲೇ ಡ್ರೈವರ್ ಇಲ್ಲದೆ ಓಡುತ್ತಿವೆ. ವಿಂಡೋಸಿಗೆ ಆ ಭಾಗ್ಯ ಬಂದದ್ದು 2017ರಲ್ಲಿ. ನಮ್ಮ ಲಿನಕ್ಸ್ ಬಗ್ಗೆ ಈ ಒಂದು ವಿಷಯದಲ್ಲಿ ನನಗೆ ನಿಜವಾದ ಹೆಮ್ಮೆ.

ಒಳಗೇ ಮಿಕ್ಸರ್, ರೂಟಿಂಗ್ ಎಲ್ಲ ಇರುವ ದೊಡ್ಡ ಕಾರ್ಡ್ ತಗೊಂಡರೆ, ಅದನ್ನು ತಿರುಗಿಸುವ ಸಾಫ್ಟ್‌ವೇರ್ ಲಿನಕ್ಸಿಗೆ ಇದೆಯಾ ಅಂತ ಮೊದಲು ವಿಚಾರಿಸಿ. ಫೋಕಸ್‌ರೈಟ್ ಸ್ಕಾರ್ಲೆಟ್ ಕಾರ್ಡ್‌ಗಳಿಗೆ ಜೆಫ್ರಿ ಬೆನೆಟ್ ಅನ್ನುವವರು ಕರ್ನೆಲ್ ಡ್ರೈವರನ್ನೂ ‘ಅಲ್ಸಾ ಸ್ಕಾರ್ಲೆಟ್ ಜಿಯುಐ’ ಅನ್ನುವ ಪ್ರೋಗ್ರಾಮನ್ನೂ ಬರೆದಿದ್ದಾರೆ. ಅವುಗಳ ಮೂರನೇ ಪೀಳಿಗೆಯ ಸಣ್ಣ ಮಾಡೆಲ್‌ಗಳು ಡಬ್ಬಿಯಿಂದ ತೆಗೆದಾಗ ಪೆನ್‌ಡ್ರೈವ್ ಹಾಗೆ ಕಾಣುವ ಮೋಡ್‌ನಲ್ಲಿ ಇರುತ್ತವೆ, ಕೆಲವು ಸೌಲಭ್ಯ ಸಿಗುವುದಿಲ್ಲ. 48ವಿ ಗುಂಡಿ ಒತ್ತಿ ಹಿಡಿದು ಕೇಬಲ್ ಚುಚ್ಚಿದರೆ ಆ ಮೋಡ್ ಹೋಗುತ್ತದೆ.

ಮತ್ತೆ, ಕ್ಯಾಬಿನೆಟ್ಟಿನ ಹಿಂದಿನ ಯುಎಸ್‌ಬಿ ಪೋರ್ಟಿಗೇ ಚುಚ್ಚಿ. ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ಕೂಡ ಅದೇ ಕೇಬಲಿನ ಕರೆಂಟಿನಿಂದ ಬರಬೇಕು. ಹತ್ತು ಸಾಧನ ನೇತಾಡುವ ಹಬ್‌ಗೆ ಹಾಕಿದರೆ ಚಟಪಟ ಸದ್ದು ಗ್ಯಾರಂಟಿ.

ತುಂಗಾತೀರ

‘ಅಮ್ಮನ ಮೈಕ್’ ಬಂತು. ಗೆರೆಯೂ ಒಂದೇ ಇದೆ. ನಿನ್ನೆ ಪಾಠ ಆಯಿತು, ಎರಡೂ ಕಿವಿಗೆ ಕೇಳಿಸಿತು ಅಂತ ಶಿಷ್ಯೆ ಹೇಳಿದರು. ಎಲ್ಲರಿಗೂ ಮನಸ್ಸು ತುಂಬಿ ಥ್ಯಾಂಕ್ಸ್.

ಕೊನೆಯದಾಗಿ ಒಂದು ಕೇಳಬೇಕು. ಉಬುಂಟುವಿನ ಮುಂದಿನ ಎಲ್‌ಟಿಎಸ್‌ಗೆ (ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿಗೆ) ಅಪ್‌ಗ್ರೇಡ್ ಮಾಡಿದರೆ ಇದೆಲ್ಲ ಹೀಗೇ ಉಳಿಯುತ್ತದಾ?

ಹಳೇಟರ್ಮಿನಲ್

ಲೂಪ್‌ಬ್ಯಾಕ್ ಫೈಲ್ ಉಳಿಯುತ್ತದೆ, ಅದು ಪೈಪ್‌ವೈರ್‌ನದು. ಎಚ್‌ಡಿಎಂಐ ಆಫ್ ಮಾಡಿದ್ದು, ಡಿಫಾಲ್ಟ್ ಆರಿಸಿದ್ದು ಬಹುಮಟ್ಟಿಗೆ ಉಳಿಯುತ್ತವೆ. ಉಳಿಯದಿದ್ದರೆ ಎರಡು ಕ್ಲಿಕ್ ಕೆಲಸ.

ಮಲಗಿಸಬೇಡ ಅಂತ ಬರೆದ ಲುವಾ ಫೈಲ್ ಮಾತ್ರ ಉಳಿಯುವುದಿಲ್ಲ. 2024ರಲ್ಲಿ ಬಂದ ವೈರ್‌ಪ್ಲಂಬರ್ 0.5 ಹಳೆಯ ಲುವಾ ಕಾನ್ಫಿಗ್ ಓದುವುದನ್ನೇ ಬಿಟ್ಟಿದೆ. ಫೆಡೋರಾ 40, ಡೆಬಿಯನ್ 13ರಲ್ಲಿ ಈಗಾಗಲೇ ಅದೇ ಇದೆ. ಫೈಲ್ ಅಲ್ಲೇ ಇರುತ್ತದೆ, ಯಾವ ಪರಿಣಾಮವೂ ಇರುವುದಿಲ್ಲ. ಅಪ್‌ಗ್ರೇಡ್ ಆದ ಮೇಲೆ ಅಮ್ಮನ ‘ಶ್ರೀ’ ಮತ್ತೆ ‘ಈ’ ಆದರೆ ಕಾರಣ ಇದೇ ಅಂತ ತಿಳಿಯಿರಿ. ಹೊಸದರಲ್ಲಿ ಫೋಲ್ಡರ್ ಹೆಸರು ‘ವೈರ್‌ಪ್ಲಂಬರ್ ಡಾಟ್ ಕಾನ್ಫ್ ಡಾಟ್ ಡಿ’. ಫೈಲಿನ ಕೊನೆ ಡಾಟ್ ಕಾನ್ಫ್. ನಿಯಮ ‘ಮಾನಿಟರ್ ಡಾಟ್ ಅಲ್ಸಾ ಡಾಟ್ ರೂಲ್ಸ್’ ಅಡಿ ಬರುತ್ತದೆ, ಬದಲಾವಣೆ ‘ಆಕ್ಷನ್ಸ್’ ಒಳಗೆ ‘ಅಪ್‌ಡೇಟ್ ಪ್ರಾಪ್ಸ್’ನಲ್ಲಿ. ಹೊಂದಿಸಬೇಕಾದ ಹೆಸರು, ಸೊನ್ನೆ, ಎರಡೂ ಅವೇ. ಆ ರೂಪದ ಫೈಲನ್ನೂ ಕಳಿಸಿದ್ದೇನೆ, ಲುವಾ ಫೈಲಿನ ಪಕ್ಕದಲ್ಲೇ ಇಟ್ಟುಕೊಳ್ಳಿ.